ಬೆರಳು ಹಿಡಿಸುವಷ್ಟು ಸಡಿಲ

ಸೆಪ್ಟೆಂಬರ್ 14, ಭಾನುವಾರ, ಬೆಳಿಗ್ಗೆ

ಹೆಂಡತಿಯ ಕತ್ತಿನ ಕೊಳವೆ ಕುದಿಸಿದ್ದಾಯಿತು. ಬಟ್ಟೆ ಬದಲಿಸಿದ್ದಾಯಿತು. ಕತ್ತಿಗೆ ಒತ್ತಿಕೊಂಡು ಆಡುವ ಮಾತಿನ ಮೆಷಿನ್‌ಗೆ ಚಾರ್ಜ್ ಹಾಕಿದ್ದಾಯಿತು. ಯಾರೂ ಮುಟ್ಟದ ಮೆಷಿನ್, ಆದರೂ ಪ್ರತಿ ಭಾನುವಾರ ಚಾರ್ಜ್. ಮೋಟಾರ್ ವೈಂಡಿಂಗ್ ಮಾಡುವವನ ಮನೆಯಲ್ಲಿ ಸತ್ತ ಬ್ಯಾಟರಿ ಇರಬಾರದು.

ಇವಳು ಕಿಟಕಿಯ ಬಳಿ ಕೂತಿದ್ದಾಳೆ. ರಸ್ತೆಯ ಮರಗಳು ಹಳದಿಗೆ ತಿರುಗಿವೆ. ಕಿಟಕಿ ತೆರೆದರೆ ಕೆಮ್ಮು. ನಮಗೆಲ್ಲ ಚಳಿಗಾಳಿ ಮೂಗಿನಲ್ಲೇ ಒಂದಿಷ್ಟು ಬೆಚ್ಚಗಾಗಿ ಒಳಗೆ ಹೋಗುತ್ತದಂತೆ. ಇವಳ ಮೂಗಿಗೆ ಈಗ ಕೆಲಸವಿಲ್ಲ. ಏಪ್ರಿಲ್‌ನಲ್ಲಿ ಗಂಟಲ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಕತ್ತಿನ ಕೆಳಗೆ ಒಂದು ತೂತು ಇಟ್ಟು ಮನೆಗೆ ಕಳಿಸಿದರು. ಉಸಿರು ಹೋಗುವುದೂ ಬರುವುದೂ ಅಲ್ಲಿಂದಲೇ. ಚಳಿ ನೇರ ಎದೆಗೆ.

ಅಂದಿನಿಂದ ಆಸ್ಪತ್ರೆ ಬಿಟ್ಟರೆ ಬೇರೆಲ್ಲಿಗೂ ಹೊಸ್ತಿಲು ದಾಟಿಲ್ಲ. ಆಸ್ಪತ್ರೆಗೂ ಟವೆಲ್ ಒತ್ತಿ ಹಿಡಿದುಕೊಂಡು, ತಲೆ ಬಗ್ಗಿಸಿಕೊಂಡು.

ನಿನ್ನೆ ಇವಳ ಆಫೀಸಿನ ಗೆಳತಿ ಬಂದಿದ್ದಳು. ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಇವಳ ಪಕ್ಕದ ಕುರ್ಚಿ. ಅಕ್ಟೋಬರ್ 31ಕ್ಕೆ ಇವಳ ಬೀಳ್ಕೊಡುಗೆ. "ಅಕ್ಕಾ, ನೀವು ಬರ್ಲೇಬೇಕು. ಬರ್ದಿದ್ರೆ ನಾವೇ ಎತ್ಕೊಂಡ್ ಹೋಗ್ತೀವಿ" ಅಂದಳು. ಇವಳು ನಕ್ಕು ತಲೆಯಾಡಿಸಿದಳು. ಗೆಳತಿ ಹೋದ ಮೇಲೆ ನನ್ನ ಕಡೆ ತಿರುಗಿ ತುಟಿ ಆಡಿಸಿದಳು. ಇಲ್ಲ.

ಯಾಕೆ ಅಂದೆ. ಕತ್ತು ತೋರಿಸಿದಳು.

ಔಷಧಿ ಅಂಗಡಿಯಲ್ಲಿ ಇದಕ್ಕೆಂದೇ ಸಿದ್ಧ ಬಟ್ಟೆ ಸಿಗುತ್ತದೆ. ಬಿಳಿ ಚೌಕ, ಹಿಂದೆ ಕಟ್ಟಲು ದಾರ. ಕ್ಷೌರಕ್ಕೆ ಕೂತವನಿಗೆ ಕಟ್ಟುವ ಬಟ್ಟೆಯ ತಮ್ಮ. ಬೆಲೆ ಕೇಳಿದರೆ ಅಣ್ಣನಿಗೂ ನಾಚಿಕೆಯಾಗಬೇಕು. ಅದನ್ನು ಕಟ್ಟಿಕೊಂಡು ಯಾವ ಹೆಂಗಸು ಸಮಾರಂಭಕ್ಕೆ ಹೋದಾಳು? ಚೆಂದದ ಒಂದು ಮಫ್ಲರ್ ಇದ್ದರೆ ಹೋದಾಳು.

ನಾನೇ ಹೆಣೆಯುತ್ತೇನೆ. ನಲವತ್ತು ವರ್ಷ ತಾಮ್ರದ ತಂತಿ ಸುತ್ತಿದ ಕೈ ಇದು. ದಾರ ಎಷ್ಟರದು.

ಸೆಪ್ಟೆಂಬರ್ 16, ಮಂಗಳವಾರ

ಫುಟ್‌ಪಾತಿನಲ್ಲಿ ಹಳೆ ಸ್ವೆಟರ್ ರಾಶಿ ಹಾಕಿಕೊಂಡು ತೂಕಕ್ಕೆ ಮಾರುತ್ತಾರೆ. ಬೂದು ಬಣ್ಣದ್ದೊಂದು ಸಿಕ್ಕಿತು. ಬೆಕ್ಕಿನ ಮೈಯಂತೆ ಮೆತ್ತಗೆ. ಮೊಣಕೈ ಹರಿದಿದೆ, ಅದಕ್ಕೇ ಅಗ್ಗ. ನನಗೆ ಮೊಣಕೈ ಯಾಕೆ ಬೇಕು.

ಮಧ್ಯಾಹ್ನದ ಬಿಡುವಿನಲ್ಲಿ ವರ್ಕ್‌ಶಾಪಿನಲ್ಲೇ ಬಿಚ್ಚಿದೆ. ಸುಟ್ಟ ಮೋಟಾರಿನಿಂದ ತಾಮ್ರ ಬಿಚ್ಚುವ ಹಾಗೆಯೇ. ತುದಿ ಸಿಕ್ಕಿದರೆ ಸರಿ, ಉಳಿದದ್ದು ತಾನೇ ಬರುತ್ತದೆ. ಎಳೆ ಸ್ಪ್ರಿಂಗಿನಂತೆ ಸುರುಳಿ ಸುರುಳಿ. ತೊಳೆದು, ಕೆಳಗೆ ಒಂದು ನಟ್ ಕಟ್ಟಿ ನೇತು ಹಾಕಿದೆ. ಬೆಳಗಾಗುವುದರಲ್ಲಿ ನೆಟ್ಟಗಾಗುತ್ತದೆ.

ಹೆಣಿಗೆ ಕಡ್ಡಿ ಕೊಳ್ಳಲಿಲ್ಲ. ಮೋಟಾರಿನೊಳಗಿನ ಸಂದುಗಳಲ್ಲಿ ತಂತಿ ಅಲುಗಾಡದಂತೆ ಹೊಡೆಯುವ ಬಿದಿರು ಕಡ್ಡಿ ನಮ್ಮಲ್ಲಿ ಬೇಕಾದಷ್ಟು. ಎರಡನ್ನು ಆರಿಸಿ ಮರಳು ಕಾಗದದಲ್ಲಿ ಉಜ್ಜಿದೆ.

ಗ್ರೀಸ್ ನೋಡುತ್ತಾ ನಿಂತಿದ್ದ. ಬೇರಿಂಗ್ ಕೆಲಸ ಅವನದು, ಹೆಸರು ಬಂದದ್ದು ಅಲ್ಲಿಂದ, ಈಗ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳಂತೆ. "ಏನ್ ಗುರುವೇ, ಹೆರಿಗೆ ವಾರ್ಡ್‌ಗೆ ಟೋಪಿ ಹೆಣೀತಿದ್ದೀಯಾ?"

"ನಿನ್ ಬಾಯಿಗೆ ಚೀಲ" ಅಂದೆ.

ಸೆಪ್ಟೆಂಬರ್ 21, ಭಾನುವಾರ, ಸಂಜೆ

ಗುರುವಿಗೆ ಮಾತಿಲ್ಲ, ಶಿಷ್ಯನಿಗೆ ಬುದ್ಧಿಯಿಲ್ಲ. ಇಂಥ ಪಾಠ ಲೋಕದಲ್ಲಿ ಎಲ್ಲೂ ನಡೆದಿರಲಾರದು.

ಹೆಣಿಗೆ ಇವಳಿಗೆ ಚೆನ್ನಾಗಿ ಬರುತ್ತದೆ. ಆದರೆ ಆಪರೇಷನ್‌ನಲ್ಲಿ ಬಲ ಭುಜದ ನರಕ್ಕೆ ಏನೋ ಆಗಿ ಕೈ ಮೇಲೇಳುವುದಿಲ್ಲ. ಐದು ನಿಮಿಷ ಕಡ್ಡಿ ಹಿಡಿದರೆ ಮುಖ ಬೆಳ್ಳಗಾಗುತ್ತದೆ. ಹಾಗಾಗಿ ನಾನು ಹೆಣೆಯಬೇಕು, ಅವಳು ನೋಡಬೇಕು. ತಪ್ಪಿದರೆ ಚಮಚದಿಂದ ಬೆರಳಿನ ಗೆಣ್ಣಿಗೆ ಒಂದು. ಅದೇ ಚಮಚ, ಲೋಟಕ್ಕೆ ಟಣ್ ಎಂದು ಬಡಿದು ನನ್ನನ್ನು ಕರೆಯುವುದೂ ಅದರಲ್ಲೇ. ಮೊದಲು "ರೀ" ಎಂದು ಕರೆಯುತ್ತಿದ್ದಳು. ಮದುವೆಯಾದಾಗಿನಿಂದ ಮನೆಯೊಳಗೆ ನನ್ನ ಹೆಸರೇ ಅದು. ಈಗ ನಾನು ಟಣ್.

ಮೂರನೇ ಸಾಲಿನಲ್ಲಿ ಕುಣಿಕೆ ತಪ್ಪಿ ಪೂರಾ ಬಿಚ್ಚಿಹೋಯಿತು. ನನ್ನ ಮುಖ ನೋಡಿ ನಕ್ಕಳು. ನಗು ಅಂದರೆ ಕತ್ತಿನಿಂದ ಹುಸ್ ಹುಸ್ ಎಂದು ಗಾಳಿ. ಸದ್ದಿಲ್ಲ. ಭುಜ ಮಾತ್ರ ಕುಲುಕುತ್ತದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ನನಗೂ ಬಂತು. ನಗುವಿನದೋ ಬೇರೆಯದೋ ತಿಳಿಯಲಿಲ್ಲ.

ಸೆಪ್ಟೆಂಬರ್ 25, ಗುರುವಾರ

ಆಸ್ಪತ್ರೆ. ಕಾಯುವ ಬೆಂಚಿನ ಮೇಲೆ ಹೆಣೆಯುತ್ತಾ ಕೂತೆ. ನಾಚಿಕೆ ಬಿಟ್ಟಿದ್ದೇನೆ. ನರ್ಸಮ್ಮ ನೋಡಿದವಳೇ ಕೈಯಿಂದ ಕಸಿದುಕೊಂಡಳು.

"ಅಯ್ಯೋ, ಇದು ಉಣ್ಣೆ ಅಲ್ವಾ? ಬೇಡ ಯಜಮಾನ್ರೇ. ಇದರ ಜೂಲು ಸೀದಾ ಶ್ವಾಸಕೋಶಕ್ಕೇ ಹೋಗುತ್ತೆ. ನಮ್ಗಾದ್ರೆ ಮೂಗಲ್ಲಿ ತಡೆಯುತ್ತೆ, ಅಮ್ಮಂಗೆ ಏನಿದೆ ತಡೆಯೋಕೆ? ಹತ್ತಿ ಆದ್ರೆ ಆಗ್ಬೋದು. ಮೆತ್ತಗಿರ್ಬೇಕು, ಜೂಲು ಇರ್ಬಾರ್ದು, ಗಾಳಿ ಆಡ್ಬೇಕು."

ಬೆಕ್ಕಿನ ಮೈಯಂತೆ ಇದೆ ಎಂದೇ ಕೊಂಡಿದ್ದೆ. ಬೆಕ್ಕಿನ ಕೂದಲನ್ನೇ ಅವಳ ಎದೆಗೆ ತುಂಬಲು ಹೊರಟಿದ್ದೆ.

ಮನೆಗೆ ಬಂದು ಆ ಬೂದು ಉಣ್ಣೆಯನ್ನೆಲ್ಲ ಕಿಟಕಿಯ ಸಂದಿಗೆ ತುರುಕಿದೆ. ಗಾಳಿ ನುಗ್ಗುವುದಾದರೂ ನಿಂತಿತು. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಸೆಪ್ಟೆಂಬರ್ 26, ಶುಕ್ರವಾರ

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದವನು ನಾನೇ.

ಕಾಯಿಲ್ ಸುತ್ತಿದ ಮೇಲೆ ಅದರ ಕುತ್ತಿಗೆ ಬಿಗಿಯಲು ಹತ್ತಿಯ ದಾರ ಬಳಸುತ್ತೇವೆ. ಶುದ್ಧ ಹತ್ತಿ, ಹೊಸೆದದ್ದು, ಒಂದು ಜೂಲಿಲ್ಲ. ಕೈಯಳತೆಯಲ್ಲೇ ಇತ್ತು, ದಿನಾ ಹಲ್ಲಿನಿಂದ ಕಡಿಯುವ ದಾರ! ಮಾಲೀಕನನ್ನು ಕೇಳಿದೆ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಉಂಡೆಗಳನ್ನು ಕಾಲಿನಿಂದ ನನ್ನ ಕಡೆ ತಳ್ಳಿದ. "ತಗೊಂಡ್ ಹೋಗಿ. ಈಗೆಲ್ಲ ನೈಲಾನ್ ಬಂದಿದೆ."

ಉಂಡೆಗಳು ಇದ್ದದ್ದು ವಾರ್ನಿಷ್ ತೊಟ್ಟಿಯ ಪಕ್ಕ. ವಾಸನೆ ಹೀರಿಕೊಂಡಿವೆ. ಎಂದುಕೊಂಡೆ, ಇದನ್ನು ಮನೆಯೊಳಗೆ ತಂದರೆ ಇವಳು ನನ್ನನ್ನೂ ದಾರವನ್ನೂ ಒಟ್ಟಿಗೆ ಹೊರಗೆ ಹಾಕುತ್ತಾಳೆ. ಇಷ್ಟು ವರ್ಷ ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದ ಮಾತು ಒಂದೇ—"ರೀ, ಮೊದ್ಲು ಸ್ನಾನ. ಆಮೇಲೆ ಉಳಿದಿದ್ದು." ವಾರ್ನಿಷ್ ವಾಸನೆ ಇವಳಿಗೆ ಆಗುವುದಿಲ್ಲ. ಮದುವೆಯಾದ ಹೊಸದರಲ್ಲಿ ವಾಂತಿ ಮಾಡಿಕೊಂಡಿದ್ದಳು. ಬಸುರಿ ಎಂದು ನಮ್ಮ ಅತ್ತೆ ಸಂಭ್ರಮಪಟ್ಟು, ಆಮೇಲೆ ನನ್ನ ಅಂಗಿಯ ವಾಸನೆ ಎಂದು ಗೊತ್ತಾಗಿ ಮುಖ ಊದಿಸಿಕೊಂಡಿದ್ದರು.

ಇವತ್ತು ಒಳಗೆ ಬಂದೆ. ದಾರ ಇವಳ ಮಡಿಲಲ್ಲೇ ಇಟ್ಟೆ. ಮುಟ್ಟಿದಳು, ಎಳೆದು ನೋಡಿದಳು, ಚೆನ್ನಾಗಿದೆ ಎಂದು ತಲೆಯಾಡಿಸಿದಳು. ವಾಸನೆಯ ಮಾತಿಲ್ಲ.

ಆಗ ಹೊಳೆಯಿತು. ಗಾಳಿ ಮೂಗಿಗೆ ಹೋಗುವುದೇ ಇಲ್ಲ. ಏಪ್ರಿಲ್‌ನಿಂದ ಇವಳಿಗೆ ಯಾವ ವಾಸನೆಯೂ ಇಲ್ಲ. ನಾನು ಎಷ್ಟು ತಿಂಗಳಿಂದ ಕೆಲಸದಿಂದ ಬಂದು ಹಾಗೇ ಕೂರುತ್ತಿದ್ದೇನೆ, ಹಾಗೇ ಉಣ್ಣುತ್ತಿದ್ದೇನೆ. ಒಬ್ಬರೂ ಬೈದಿಲ್ಲ. ಬೈಯುವವಳಿಗೆ ಬಾಯಿಯೂ ಇಲ್ಲ, ಮೂಗೂ ಇಲ್ಲ.

ದಾರವನ್ನು ಸೋಡಾ ಹಾಕಿ ಕುದಿಸಿದೆ. ನೀರು ಚೆಲ್ಲಿ ಮತ್ತೆ ಕುದಿಸಿದೆ. ವಾಸನೆ ಹೋಯಿತೇ ಇಲ್ಲವೇ ನನ್ನ ಮೂಗಿಗೂ ತಿಳಿಯದು, ಅದು ಎಂದೋ ಜಡ್ಡುಗಟ್ಟಿದೆ. ಕೊನೆಗೆ ಮೇಲಿನ ಮನೆಯಾಕೆಯ ಬಾಗಿಲು ತಟ್ಟಿ, "ಸ್ವಲ್ಪ ಮೂಸಿ ನೋಡಿ" ಅಂದೆ. ಆಕೆ ನನ್ನನ್ನೂ ಪಾತ್ರೆಯನ್ನೂ ಹೊಸಬರಂತೆ ನೋಡಿದಳು. ಮೂಸಿದಳು. "ಏನೂ ಇಲ್ವಲ್ಲ" ಅಂದಳು.

ಸ್ನಾನ ಮಾಡದೆಯೇ ಮಲಗುತ್ತಿದ್ದೇನೆ. ಯಾರಿಗಾಗಿ ಮಾಡುವುದು.

ಅಕ್ಟೋಬರ್ 5, ಭಾನುವಾರ

ಬಿಳಿ ಬೇಡ. ಬಿಳಿ ಎಂದರೆ ಆಸ್ಪತ್ರೆ. ಬಣ್ಣ ಬೇಕು ಎಂದು ಇವಳೇ ಸನ್ನೆ ಮಾಡಿದಳು. ಏನೋ ಒಂದು ಬೇಕು ಅಂದಳಲ್ಲ, ಅದೇ ದೊಡ್ಡದು.

ಈರುಳ್ಳಿ ಸಿಪ್ಪೆ. ಉಪಾಯ ಅವಳದೇ. ಬುಟ್ಟಿಯಿಂದ ಒಂದು ಸಿಪ್ಪೆ ಎತ್ತಿ ಕಿಟಕಿಯಾಚೆ ಮರಕ್ಕೆ ಹಿಡಿದು ತೋರಿಸಿದಳು. ಎಲೆಯ ಬಣ್ಣ, ಸಿಪ್ಪೆಯ ಬಣ್ಣ ಒಂದೇ. ನಮ್ಮ ವರ್ಕ್‌ಶಾಪಿನ ಬೀದಿಯ ಕ್ಯಾಂಟೀನಿನವನು ವಾರವಿಡೀ ಸಿಪ್ಪೆ ಚೀಲದಲ್ಲಿ ಕೂಡಿಟ್ಟು ಕೊಟ್ಟ. ಕುದಿಸಿ, ಸೋಸಿ, ಪಟಿಕ ಹಾಕಿ ದಾರ ಮುಳುಗಿಸಿದೆ. ಮೋಟಾರನ್ನು ವಾರ್ನಿಷ್‌ನಲ್ಲಿ ಮುಳುಗಿಸಿದ ಹಾಗೆಯೇ, ಗುಳ್ಳೆ ನಿಲ್ಲುವ ತನಕ ಕಾಯಬೇಕು.

ಹೊಂಬಣ್ಣ ಬಂದಿದೆ. ಅಲ್ಲಲ್ಲಿ ಕಡುಗಂದು. ಬಾತ್‌ರೂಮಿನ ಹಗ್ಗದ ಮೇಲೆ ನೇತಾಡುತ್ತಿದೆ. ಮನೆಯಲ್ಲಿ ಬಣ್ಣ ಇರುವ ವಸ್ತು ಅದೊಂದೇ ಅನ್ನಿಸಿತು.

ಅಕ್ಟೋಬರ್ 12, ಭಾನುವಾರ

ಕೈ ಕುದುರಿದೆ. ಅಂಗೈಯಗಲ ದಾಟಿ ತೋಳುದ್ದವಾಗಿದೆ. ಇವಳು ಈಗ ಪಕ್ಕ ಕೂರುವುದಿಲ್ಲ. ಶುರುವಿನಲ್ಲಿದ್ದ ಉತ್ಸಾಹ ಇಳಿದಿದೆ, ಹೆಚ್ಚು ಹೊತ್ತು ಮಲಗಿರುತ್ತಾಳೆ. ಕಲಿಸುವುದು ಬೇಕಿಲ್ಲ ಎಂದು ನಾನೂ ಕರೆಯಲಿಲ್ಲ.

ವರ್ಕ್‌ಶಾಪಿಗೆ ಒಯ್ದಿದ್ದೆ. ಗ್ರೀಸ್ ಎಳೆದು ನೋಡಿದ. ಜಗ್ಗಲಿಲ್ಲ. ಬೆಳಕಿಗೆ ಹಿಡಿದ. ಒಂದು ಸಂದಿಯಿಲ್ಲ. "ಅಬ್ಬಾ, ನೀರು ಹಾಕಿದ್ರೂ ಸೋರಲ್ಲ ಇದು. ವೈಂಡರ್ ಕೈ ಅಂದ್ರೆ ಇದು ನೋಡು" ಅಂದ.

ಎದೆಯುಬ್ಬಿತು. ಹೇಳಬೇಕಲ್ಲ, ನನ್ನ ಕಾಯಿಲ್‌ಗೆ ಈ ಬೀದಿಯಲ್ಲಿ ಹೆಸರಿದೆ. ಸಡಿಲ ಬಿಟ್ಟರೆ ತಂತಿ ಅದುರುತ್ತದೆ, ಅದುರಿದರೆ ಸವೆಯುತ್ತದೆ, ಸವೆದರೆ ಸುಡುತ್ತದೆ. ಬಿಗಿಯೇ ಜೀವ. ಪ್ರತಿ ಕುಣಿಕೆಯನ್ನೂ ಎಳೆದು ಕೂರಿಸಿದ್ದೇನೆ.

ಅಕ್ಟೋಬರ್ 19, ಭಾನುವಾರ

ಮುಗಿಯಿತು. ಬೆಳಿಗ್ಗೆ ಸುತ್ತಿದೆ. ಎರಡು ಸುತ್ತು, ಮುಂದೆ ಒಂದು ಗಂಟು. ಕನ್ನಡಿಯಲ್ಲಿ ನೋಡಿಕೊಂಡಳು. ಬಣ್ಣ ಮುಖಕ್ಕೆ ಒಪ್ಪುತ್ತಿತ್ತು. ನನ್ನ ಕೈ ಹಿಡಿದಳು.

ಮೆಚ್ಚುಗೆ ಎಂದುಕೊಂಡೆ. ನಾನು ಕನ್ನಡಿಯಲ್ಲಿ ಮಫ್ಲರ್ ನೋಡುತ್ತಿದ್ದೆ, ಮುಖ ನೋಡುತ್ತಿರಲಿಲ್ಲ.

ಹಿಡಿತ ಬಿಗಿಯಾಯಿತು. ಉಗುರು ಊರಿದಳು. ತಿರುಗಿದರೆ ತುಟಿ ನೀಲಿ. ಕೂಗಲು ದನಿಯಿಲ್ಲ. ಗಂಟು ಬಿಚ್ಚಲು ಭುಜ ಏಳುವುದಿಲ್ಲ. ನಾನು ಹಾಕಿದ ಗಂಟು, ನನಗೇ ಬಿಚ್ಚಲು ಬರಲಿಲ್ಲ—ಎಳೆದೆ, ಇನ್ನೂ ಬಿಗಿಯಿತು—ಕೊನೆಗೆ ಕೆಳಗಿಂದ ಬೆರಳು ತೂರಿಸಿ ಹೇಗೋ ಸರಿಸಿದೆ. ನೆಲಕ್ಕೆ ಕುಸಿದಳು. ತೂತಿನಿಂದ ಉಸಿರು ಒಳಗೆ ಹೋದ ಸದ್ದು ಇನ್ನೂ ಕಿವಿಯಲ್ಲಿದೆ.

ಗಾಳಿ ಆಡ್ಬೇಕು ಅಂದಿದ್ದಳು ನರ್ಸಮ್ಮ. ಹತ್ತಿ ಎನ್ನುವುದು ಕೇಳಿಸಿತ್ತು, ಮೆತ್ತಗೆ ಎನ್ನುವುದು ಕೇಳಿಸಿತ್ತು. ಮೂರನೆಯದು ನನ್ನ ಕಿವಿಗೆ ಬಿದ್ದಿರಲಿಲ್ಲ.

ಗಾಳಿಯೂ ನುಗ್ಗದ ಹಾಗೆ ಹೆಣೆದಿದ್ದೆ. ಹೆಮ್ಮೆಯಿಂದ.

ಅಕ್ಟೋಬರ್ 20, ಸೋಮವಾರ

ಕೆಲಸಕ್ಕೆ ಹೋಗಲಿಲ್ಲ. ಇವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ. ಟಣ್ ಇಲ್ಲ.

ಅಕ್ಟೋಬರ್ 24, ಶುಕ್ರವಾರ, ಸಂಜೆ

ಕೆಲಸದಿಂದ ಬಂದಾಗ ಮಫ್ಲರ್ ಇವಳ ಮಡಿಲಲ್ಲಿತ್ತು. ಅರ್ಧ ಬಿಚ್ಚಿಯಾಗಿತ್ತು. ಎಡಗೈಯಲ್ಲೇ ಎಳೆಯುತ್ತಿದ್ದಳು, ಕಾಲಿನ ಹೆಬ್ಬೆರಳಿಗೆ ಸುತ್ತುತ್ತಿದ್ದಳು. ಇದನ್ನು ಎಸೆದಿರಬೇಕು ಎಂದುಕೊಂಡಿದ್ದೆ ನಾನು.

ಪಕ್ಕ ಕೂತೆ. "ಇವಳೇ, ತಪ್ಪಾಯ್ತು ಕಣೇ" ಅಂದೆ. ಚಮಚದಿಂದ ಗೆಣ್ಣಿಗೆ ಒಂದು ಬಿತ್ತು. ಜೋರಾಗಿಯೇ. ಆಮೇಲೆ ಮೂಲೆಯಲ್ಲಿದ್ದ ಮುರಿದ ನೆಲ ಒರೆಸುವ ಕೋಲನ್ನು ತೋರಿಸಿದಳು. ಗರಗಸದ ಸನ್ನೆ. ಎರಡು ತುಂಡು. ತುದಿ ಚೂಪು.

ಇಷ್ಟು ದಪ್ಪದ ಕಡ್ಡಿಯಲ್ಲಿ ಯಾರಾದರೂ ಹೆಣೆಯುತ್ತಾರೆಯೇ ಎಂದರೆ, ತುಟಿ ನಿಧಾನವಾಗಿ ಆಡಿಸಿದಳು, ದಡ್ಡನಿಗೆ ಹೇಳುವ ಹಾಗೆ. ಇದು ಮೋಟಾರ್ ಅಲ್ಲ ರೀ.

ರೀ ಎನ್ನುವಾಗ ತುಟಿ ಅಗಲವಾಗುತ್ತದೆ, ನಕ್ಕ ಹಾಗೆ. ಗಮನಿಸಿರಲಿಲ್ಲ.

ಕೋಲಿನ ಮೇಲೆ ನಾಲ್ಕು ಕುಣಿಕೆ ಹಾಕಿದೆ. ಅಭ್ಯಾಸಬಲ, ಎಳೆದು ಕೂರಿಸಿದೆ. ಒಂದೊಂದನ್ನೂ ಸಡಿಲಿಸಿದಳು. ಅವಳ ತೋರುಬೆರಳನ್ನು ಕುಣಿಕೆಯೊಳಗೆ ತೂರಿಸಿ, ಆಚೆ ಈಚೆ ಆಡಿಸಿ ತೋರಿಸಿದಳು. ಇಷ್ಟು. ಬೆರಳು ಹಿಡಿಸುವಷ್ಟು.

ಸಡಿಲ ಬಿಡುವುದು ಎಷ್ಟು ಕಷ್ಟ ಎಂದು ಈ ವಯಸ್ಸಿನಲ್ಲಿ ತಿಳಿಯಿತು. ಕೈ ತಾನಾಗಿ ಎಳೆಯುತ್ತದೆ. ಪ್ರತಿ ಕುಣಿಕೆಗೂ ಅವಳ ಬೆರಳು ಕಾಯುತ್ತಿತ್ತು.

ಅಕ್ಟೋಬರ್ 29, ಬುಧವಾರ

ದಪ್ಪ ಕೋಲು, ದೊಡ್ಡ ಕುಣಿಕೆ, ಬೇಗ ಬೆಳೆಯುತ್ತದೆ. ಮುಗಿದೇ ಹೋಯಿತು. ನೋಡಲು ಮೀನಿನ ಬಲೆಯ ಹಾಗಿದೆ. ಎರಡು ಪದರ ಮಡಿಸಿದರೆ ತೂತೂ ಕಾಣುವುದಿಲ್ಲ, ಗಾಳಿಯೂ ನಿಲ್ಲುವುದಿಲ್ಲ.

ಈ ಸಲ ಇವಳ ಕತ್ತಿಗೆ ಹಾಕುವ ಮೊದಲು ಪರೀಕ್ಷೆ. ಮೋಟಾರನ್ನಾದರೂ ಪರೀಕ್ಷೆ ಮಾಡದೆ ಕಳಿಸುವುದಿಲ್ಲ, ಹೆಂಡತಿಗೆ ಮಾಡಿರಲಿಲ್ಲ. ಮಫ್ಲರನ್ನು ನನ್ನ ಬಾಯಿಗೆ ಒತ್ತಿ ಹಿಡಿದು ಮೇಣದ ಬತ್ತಿ ಊದಿದೆ. ಆರಿತು. ಅವಳ ಕಡೆ ನೋಡಿದೆ. ಇನ್ನೊಮ್ಮೆ ಎಂದು ಬೆರಳೆತ್ತಿದಳು. ಮತ್ತೆ ಹಚ್ಚಿದೆ, ಮತ್ತೆ ಊದಿದೆ.

ಆಮೇಲೆ ಅವಳೇ ಹಾಕಿಕೊಂಡಳು. ಗಂಟು ಇಲ್ಲ. ಸುಮ್ಮನೆ ಇಳಿಬಿಟ್ಟು, ಒಂದು ಗುಂಡಿ. ಬಾಗಿಲ ಪಕ್ಕದ ಮೊಳೆಗೆ ನೇತು ಹಾಕಿದ್ದೇವೆ. ನಾಡಿದ್ದಿಗೆ.

ಅಕ್ಟೋಬರ್ 31, ಶುಕ್ರವಾರ

ಹೋಗಲಿಲ್ಲ.

ಅಲ್ಲ, ಹೊರಟಳು. ಸೀರೆ ಆರಿಸಿದಳು, ತಲೆ ಬಾಚಿಕೊಂಡಳು, ಮಫ್ಲರ್ ಹಾಕಿಕೊಂಡಳು. ಬಾಗಿಲಿಗೆ ಬೀಗ ಹಾಕಿದ್ದು ನಾನು. ಮೂರನೇ ಮಹಡಿಯಿಂದ ಎರಡನೆಯದಕ್ಕೆ ಇಳಿದೆವು. ಅಲ್ಲಿ ಒಬ್ಬ ಕೊರಿಯರ್‌ನವನು ಎದುರಾದ. ಹೆಗಲಿಗೆ ಚೀಲ, ಕೈಯಲ್ಲಿ ಪೊಟ್ಟಣ, ಏದುಸಿರು.

"ಅಮ್ಮಾ, ಈ ಹನ್ನೊಂದನೇ ನಂಬರ್ ಮನೆ ಯಾವ್ ಕಡೆ?"

ಅವನು ಕತ್ತು ನೋಡಲಿಲ್ಲ. ಮಫ್ಲರ್ ನೋಡಲಿಲ್ಲ. ದಾರಿ ಕೇಳಿದ, ಅಷ್ಟೇ.

ಇವಳು ಬಾಯಿ ತೆರೆದಳು. ಎಡಗೈ ಆಗಲೇ ದಿಕ್ಕು ತೋರಿಸಲು ಎದ್ದಿತ್ತು. ಇಪ್ಪತ್ತಾರು ವರ್ಷ ಗಾಜಿನ ಹಿಂದೆ ಕೂತು, ಕೇಳಿದವರಿಗೆಲ್ಲ ಯಾವ ಬಸ್ಸು, ಯಾವ ಪ್ಲಾಟ್‌ಫಾರಂ, ಎಷ್ಟು ಹೊತ್ತಿಗೆ ಎಂದು ಹೇಳಿದ ಬಾಯಿ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುವವಳು ಎಂದು ಡ್ರೈವರ್‌ಗಳೆಲ್ಲ ತಮಾಷೆ ಮಾಡುತ್ತಿದ್ದರು.

ಬಾಯಿ ತೆರೆದೇ ಇತ್ತು. ಏನೂ ಬರಲಿಲ್ಲ. ಅವನು ಕಾಯುತ್ತಿದ್ದ.

"ಮೇಲೆ, ಎಡಕ್ಕೆ" ಅಂದೆ ನಾನು.

ಅವನು ಹತ್ತಿ ಹೋದ. ಇವಳು ಅವನ ಹಿಂದೆಯೇ ಹತ್ತಿದಳು. ಬೀಗದ ಮುಂದೆ ನಿಂತು ಕೈ ಚಾಚಿದಳು, ಕೀಲಿಗೆ.

ಈಗ ಮಲಗಿದ್ದಾಳೆ. ಮಫ್ಲರ್ ಮೊಳೆಯಲ್ಲಿದೆ. ಊಟಕ್ಕಿಲ್ಲದ ಉಪ್ಪಿನಕಾಯಿ. ತೂತು ಮುಚ್ಚಿದರೆ ಹೊರಗೆ ಬರುತ್ತಾಳೆ ಎಂದುಕೊಂಡು ಒಂದೂವರೆ ತಿಂಗಳು ಹೆಣೆದೆ. ಅವಳು ಕತ್ತು ತೋರಿಸಿದ್ದು ನಿಜ. ನಾನು ನೋಡಿದ್ದು ಚರ್ಮ ಮಾತ್ರ.

ನವೆಂಬರ್ 1, ಶನಿವಾರ

ಗೆಳತಿ ಬಂದು ಉಡುಗೊರೆ ಕೊಟ್ಟು ಹೋದಳು. ಗೋಡೆ ಗಡಿಯಾರ. ಮನೆಯಿಂದ ಆಚೆ ಕಾಲಿಡದವಳಿಗೆ ಹೊತ್ತು ನೋಡಲು. ಪಾಪ, ಕೊಟ್ಟವರಿಗೇನು ಗೊತ್ತು.

ಬಾಗಿಲಲ್ಲಿ ನನಗೆ ಮಾತ್ರ ಕೇಳುವಂತೆ ಹೇಳಿದಳು. "ಭಾವ, ಅಕ್ಕನ ಕುರ್ಚಿ ಹಾಗೇ ಇದೆ. ಹೊಸಬ್ರನ್ನ ಇನ್ನೂ ಹಾಕಿಲ್ಲ. ಯಾವಾಗ ಬೇಕಾದ್ರೂ ಬಂದು ಕೂತ್ಕೊಳ್ಳಿ ಅನ್ನಿ. ಸುಮ್ನೆ."

ಅಂದೆ. ಇವಳು ಗಡಿಯಾರಕ್ಕೆ ಸೆಲ್ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

ನವೆಂಬರ್ 11, ಮಂಗಳವಾರ

ಆಸ್ಪತ್ರೆ. ಸ್ಕ್ಯಾನಿನಲ್ಲಿ ಏನೋ ಇದೆ. ಎಡಗಡೆ ಎದೆಯಲ್ಲಿ. ಡಾಕ್ಟರ್ ನೆರಳು ಅಂದರು. ನೆರಳು ಎಂದರೆ ವಸ್ತುವೂ ಇರಬೇಕಲ್ಲ ಎಂದು ಕೇಳಲು ಬಾಯಿ ಬರಲಿಲ್ಲ. ಸೋಮವಾರದಿಂದ ಚಿಕಿತ್ಸೆ. ಸೇರಿಸಬೇಕು. ಎಷ್ಟು ದಿನ ಎಂದು ಹೇಳಲಿಲ್ಲ.

ಮಫ್ಲರ್‌ನ ಮೊದಲ ಪ್ರಯಾಣ ಇದೇ ಆಯಿತು. ನರ್ಸಮ್ಮ ಹಿಂದೆ ಮುಂದೆ ತಿರುವಿ, ಕುಣಿಕೆಗೆ ಬೆರಳು ಹಾಕಿ ನೋಡಿದಳು. "ಹೀಗಿರ್ಬೇಕು. ಯಾರ್ ಮಾಡಿದ್ದು?" ಅಂದಳು. ಇವಳು ನನ್ನನ್ನು ತೋರಿಸಿದಳು. ನಾನು ಇವಳನ್ನು ತೋರಿಸಿದೆ.

ನವೆಂಬರ್ 13, ಗುರುವಾರ

ಮರಗಳಲ್ಲಿ ಎಲೆ ಮುಗಿದಿದೆ.

ನಿನ್ನೆ ಕೂಗಾಡಿದೆ. ಎರಡು ದಿನದಿಂದ ತುಟಿಯನ್ನೂ ಆಡಿಸಿರಲಿಲ್ಲ, ಚಮಚವನ್ನೂ ಮುಟ್ಟಿರಲಿಲ್ಲ. ಗಡಿಯಾರದ ಸದ್ದೊಂದೇ. ತಡೆಯಲಾಗಲಿಲ್ಲ. ಡ್ರಾಯರ್ ಎಳೆದು ಮಾತಿನ ಮೆಷಿನ್ ತೆಗೆದು ಮುಂದೆ ಇಟ್ಟೆ. ಆಸ್ಪತ್ರೆಯಲ್ಲಿ ಒಂದೇ ಒಂದು ಸಲ ಕತ್ತಿಗೆ ಒತ್ತಿ ಮಾತಾಡಿದ್ದಳು. ಮಿಕ್ಸಿ ಮಾತಾಡಿದ ಹಾಗೆ ಬಂದಿತ್ತು. ಬಾಗಿಲಲ್ಲಿ ನಿಂತಿದ್ದ ಆಯಾ ಕಿಸಕ್ಕನೆ ನಕ್ಕಿದ್ದಳು. ಅವತ್ತೇ ಕೊನೆ.

"ಮಾತಾಡೇ. ಮಿಕ್ಸಿ ಥರ ಆದ್ರೂ ಮಾತಾಡು. ಇರೋ ನಾಲ್ಕು ದಿನ ಆದ್ರೂ..."

ಅಲ್ಲಿಗೆ ನಿಲ್ಲಿಸಿದೆ. ನಿಲ್ಲಿಸಿ ಏನು ಪ್ರಯೋಜನ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮನೆಯಲ್ಲಿ ಮಾತು ಇರುವವನು ನಾನೊಬ್ಬ, ಆಡಿದ್ದು ಇದು.

ಮೆಷಿನ್ ಎತ್ತಿ ಡ್ರಾಯರಿನೊಳಗೆ ಇಟ್ಟಳು. ಮೆಲ್ಲಗೆ ತಳ್ಳಿದಳು. ಎಸೆದಿದ್ದರೆ ಒಳ್ಳೆಯದಿತ್ತು.

ನವೆಂಬರ್ 15, ಶನಿವಾರ, ಸಂಜೆ ಆರು

ಬಾಗಿಲಿಗೆ ಹೊರಗಿನಿಂದ ಬೀಗ. ನನ್ನ ಹತ್ತಿರದ ಕೀಲಿಯಲ್ಲಿ ತೆಗೆದೆ. ಇವಳಿಲ್ಲ.

ಅಡುಗೆಮನೆ, ಬಾತ್‌ರೂಮ್. ಇಲ್ಲ. ಮೇಲಿನ ಮನೆಯಾಕೆಗೂ ಗೊತ್ತಿಲ್ಲ. ಬೀದಿಯ ಕೊನೆಯವರೆಗೂ ಓಡಿ ಬಂದೆ. ಏನೇನೋ ಯೋಚನೆ. ಮೊನ್ನೆ ಆಡಿದ ಮಾತು ಹಿಂದೆಯೇ ಓಡಿ ಬರುತ್ತಿದೆ. ಬೀದಿಯಾಚೆಯ ಸೇತುವೆ ನೆನಪಾಯಿತು. ಅಲ್ಲಿಗೂ ಹೋಗಿ ನೋಡಿದೆ. ದೇವರೇ.

ಕೂಗಿದರೆ ಓಗೊಡಲೂ ದನಿಯಿಲ್ಲ ಅವಳಿಗೆ. ಎಲ್ಲಿ ಬಿದ್ದಿದ್ದರೂ ಯಾರಿಗೂ ಕೇಳಿಸದು.

ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ಗೆಳತಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಪೊಲೀಸರಿಗೆ ಹೇಳಬೇಕೋ ಏನೋ. ಏನೆಂದು ಹೇಳುವುದು, ಗುರುತು ಕೇಳುತ್ತಾರೆ...

ಮಫ್ಲರ್. ಮೊಳೆ ಖಾಲಿ. ಈಗ ನೋಡಿದೆ. ಈರುಳ್ಳಿ ಸಿಪ್ಪೆ ಬಣ್ಣದ ಮಫ್ಲರ್ ಎಂದು ಹೇಳಬೇಕು.

ಡ್ರಾಯರ್ ಅರ್ಧ ತೆರೆದಿದೆ.

ಮೆಷಿನ್ ಇಲ್ಲ.

ಅದೇ ದಿನ, ಏಳರ ಹತ್ತಿರ

ಫೋನ್ ಬಂತು. ಗೊತ್ತಿಲ್ಲದ ನಂಬರ್. ಎತ್ತಿದೆ. ಗದ್ದಲ. ಬಸ್ಸಿನ ಹಾರನ್, ಜನ, ಯಾರೋ ಕಂಡಕ್ಟರ್ ಊರುಗಳ ಹೆಸರು ಕೂಗುತ್ತಿದ್ದ. ಹಲೋ ಹಲೋ ಅಂದೆ. ಯಾರೂ ಮಾತಾಡಲಿಲ್ಲ. ಆದರೆ ದೂರದಲ್ಲಿ, ಫೋನಿನಿಂದ ಆಚೆ, ಒಬ್ಬ ಗಂಡಸು ಕೇಳುತ್ತಿದ್ದ. "ಮೇಡಂ, ಏಳು ಗಂಟೆ ಗಾಡಿ ಹೋಯ್ತಾ?"

ಆಮೇಲೆ ಆ ದನಿ. ಏರಿಲ್ಲ, ಇಳಿವಿಲ್ಲ, ಬೇರಿಂಗ್ ಹೋದ ಮೋಟಾರ್ ತಿರುಗಿದ ಹಾಗೆ ಒಂದೇ ಸಮ.

"ಇನ್ನೂ ಇಲ್ಲ. ನಾಲ್ಕನೇ ಪ್ಲಾಟ್‌ಫಾರಂ. ಓಡಿ."

ಓಡಿದ ಹೆಜ್ಜೆ ಕೇಳಿಸಿತು. ಯಾರೂ ನಗಲಿಲ್ಲ. ಬಸ್ಸು ತಪ್ಪಿಸಿಕೊಳ್ಳುವವನಿಗೆ ನಗಲು ಪುರಸೊತ್ತೆಲ್ಲಿ.

ಆಮೇಲೆ ದನಿ ಹತ್ತಿರ ಬಂತು.

"ರೀ."

ಏಳು ತಿಂಗಳಾಯಿತು. ನಾನು ಅಂದೆ, ಏನೆಂದೆನೋ ನೆನಪಿಲ್ಲ. ಎಲ್ಲಿದ್ದೀಯಾ ಎಂದಿರಬೇಕು. ಗೊತ್ತಿದ್ದೂ ಕೇಳಿದೆ. ಮೊನ್ನೆಯದಕ್ಕೆ ತಪ್ಪಾಯಿತು ಎಂದು ಹೇಳಲು ಹೊರಟೆ. ಈಗ ದನಿ ಇಲ್ಲದವನು ನಾನು.

"ರೀ. ಸೋಮವಾರ ಆಸ್ಪತ್ರೆ. ಇವತ್ತು ಡ್ಯೂಟಿ. ಎಂಟಕ್ಕೆ ಬರ್ತೀನಿ." ನಿಂತು, ಮತ್ತೆ ಗುಂಡಿ ಒತ್ತಿದ ಸದ್ದು. "ಸ್ನಾನ ಆಯ್ತಾ?"

ಆಯ್ತು ಅಂದೆ.

ಸುಳ್ಳು. ಅಂಗಿ ಮೂಸಿ ನೋಡಿಕೊಂಡೆ, ಜಡ್ಡುಗಟ್ಟಿದ ಮೂಗಿಗೂ ಇವತ್ತು ಬಡಿಯಿತು. ಎದೆ ತುಂಬ ವಾರ್ನಿಷ್. ನೀರು ಕಾಯಲು ಇಟ್ಟಿದ್ದೇನೆ. ಬರುವಷ್ಟರಲ್ಲಿ ತಲೆಗೂ ಹಾಕಿಕೊಂಡು ಒಗೆದ ಬಟ್ಟೆ ಹಾಕಿ ಬಾಗಿಲಲ್ಲಿ ನಿಂತಿರಬೇಕು. ಸೋಮವಾರದ್ದು ಸೋಮವಾರ. ಇವತ್ತು ಸೋಪು ಎಲ್ಲಿಟ್ಟಿದ್ದಾಳೋ, ಆ ಮೇಲಿನ ಕಪಾಟಿನಲ್ಲಿ ಹೊಸದೊಂದು ಇತ್ತಲ್ಲ, ಅವಳದೇ ಗುಲಾಬಿ ಬಣ್ಣದ್ದು, ಅದನ್ನೇ ಒಡೆದು

ನೀರು ಉಕ್ಕುತ್ತಿದೆ—